ಗುಂಡು ಬಿದ್ದ ಜಾಗ

ನಮ್ಮ ಪುರಾಣಗಳಲ್ಲಿ ಬೇಟೆಗೆ ಹೋದವರು ನೆಮ್ಮದಿಯಿಂದ ಮನೆಗೆ ಬಂದ ಕಥೆ ಕಡಿಮೆ. ದಶರಥ ಕತ್ತಲಲ್ಲಿ ನೀರಿನ ಗುಳುಗುಳು ಸದ್ದು ಕೇಳಿ ಆನೆಯೆಂದುಕೊಂಡು ಬಾಣ ಬಿಟ್ಟ. ಬಿದ್ದವನು ಕುರುಡು ತಂದೆತಾಯಿಗೆ ನೀರು ಒಯ್ಯಲು ಬಂದ ಹುಡುಗ. ಪಾಂಡುರಾಜ ಜೋಡಿಯಾಗಿದ್ದ ಜಿಂಕೆಗಳಿಗೆ ಹೊಡೆದ. ಜಿಂಕೆಯ ರೂಪದಲ್ಲಿದ್ದವನು ಕಿಂದಮನೆಂಬ ಋಷಿ. ಜರನೆಂಬ ಬೇಡ ಗಿಡಗಳ ಸಂದಿಯಲ್ಲಿ ಏನೋ ಕಂಡು ಜಿಂಕೆ ಎಂದು ತಿಳಿದ. ಅದು ಶ್ರೀಕೃಷ್ಣನ ಪಾದ. ಒಬ್ಬ ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿದ, ಒಬ್ಬ ಕಂಡರೂ ತಡೆಯಲಿಲ್ಲ, ಒಬ್ಬ ಅರ್ಧ ಕಂಡದ್ದನ್ನೇ ಪೂರ್ತಿ ಎಂದುಕೊಂಡ.

ಇಪ್ಪತ್ತೇಳು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಈ ಕಥೆಗಳ ಮಾತು ಬಂದಾಗಲೆಲ್ಲ ಯಾವುದಾದರೊಂದು ಮಗು ಎದ್ದು ನಿಂತು, "ಮಿಸ್, ಪಾಪ, ಗೊತ್ತಿಲ್ಲದೆ ಹೊಡೆದದ್ದಲ್ವಾ? ಅದಕ್ಕೂ ಶಾಪ ಯಾಕೆ?" ಎಂದು ಕೇಳುವುದುಂಟು. ವಿಧಿ, ಋಣ, ಪೂರ್ವಕರ್ಮ ಎಂದು ದೊಡ್ಡವರು ನಮಗೆ ಹೇಳಿದ್ದನ್ನೇ ನಾವು ಮಕ್ಕಳಿಗೆ ಹೇಳುತ್ತೇವೆ. ಮಗು ಕೂತುಕೊಳ್ಳುತ್ತದೆ, ಪ್ರಶ್ನೆ ಮಾತ್ರ ನಿಂತೇ ಇರುತ್ತದೆ. ಅದಕ್ಕೊಂದು ನೇರವಾದ ಉತ್ತರ ನನಗೆ ಸಿಕ್ಕಿದ್ದು ಶಾಸ್ತ್ರಿಗಳಿಂದಲ್ಲ, ವಿದ್ವಾಂಸರಿಂದಲೂ ಅಲ್ಲ. ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗುವ, ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿಯಿಂದ.

2023ರ ನವೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಗಳಿಕೆ ರಜೆಯನ್ನೆಲ್ಲ ಒಟ್ಟುಮಾಡಿ, ಮೆಂತ್ಯ, ಓಮ, ಅಂಟು, ಒಣಕೊಬ್ಬರಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದ ತಾಯಂದಿರಲ್ಲಿ ನಾನೂ ಒಬ್ಬಳು. ಮಗಳು ಅಳಿಯ ಇರುವುದು ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗದಲ್ಲಿ, ಗುಡ್ಡಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಮನೆಯ ಹಿತ್ತಲು ಮುಗಿದಲ್ಲಿ ಕಾಡು ಶುರು. ಮೊದಲ ಬೆಳಗ್ಗೆಯೇ ಕಿಟಕಿಯಾಚೆ ಐದು ಜಿಂಕೆಗಳು ನಿಂತಿದ್ದವು. ನಮ್ಮ ಚುಕ್ಕೆ ಜಿಂಕೆಯಂತಲ್ಲ, ಮೈಮೇಲೆ ಚುಕ್ಕೆಯಿಲ್ಲ. ಓಡುವಾಗ ಬಾಲ ಎತ್ತಿದರೆ ಅಡಿಭಾಗ ಹತ್ತಿಯಂತೆ ಬೆಳ್ಳಗೆ. ನಾನು ಕೈಮುಗಿಯುವುದೊಂದು ಬಾಕಿ. ಮಗಳು ಮಾತ್ರ, "ಅಮ್ಮ, ಓಡಿಸು ಅವನ್ನ! ಗಿಡ ಒಂದೂ ಉಳಿಸಲ್ಲ" ಎಂದಳು. ನಮ್ಮೂರಲ್ಲಿ ಕೋತಿಗಳ ಬಗ್ಗೆ ಆಡುವ ಮಾತು ಅಲ್ಲಿ ಜಿಂಕೆಗಳ ಪಾಲಿಗೆ ಬಂದಿತ್ತು.

ಆ ರಾಜ್ಯದಲ್ಲಿ ಜಿಂಕೆಯ ಕಥೆ ವಿಚಿತ್ರವಾದದ್ದು. 1900ರ ಹೊತ್ತಿಗೆ ಕಾಡನ್ನೆಲ್ಲ ಕಡಿದು, ಮಿತಿಯಿಲ್ಲದೆ ಬೇಟೆಯಾಡಿ, ಜಿಂಕೆಗಳನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ್ದರಂತೆ. 1895ರಲ್ಲಿ ಸರ್ಕಾರ ಒಂದು ಬೇಟೆ ಆಯೋಗವನ್ನು ಮಾಡಿತು. 1906ರಿಂದ ಹೊರರಾಜ್ಯಗಳ ಜಿಂಕೆಗಳನ್ನು ತಂದು ಕಾಡಿಗೆ ಬಿಟ್ಟರು. ಅಷ್ಟರಲ್ಲಿ ತೋಳಗಳೂ ಪೂಮಾಗಳೂ ಅಲ್ಲಿ ನಿರ್ನಾಮವಾಗಿದ್ದವು. ತಿನ್ನುವವರಿಲ್ಲದ ಮೇಲೆ ಕೇಳಬೇಕೆ? ಜಿಂಕೆ ಹೆಚ್ಚಿತು, ಮರದ ಸಸಿಗಳನ್ನು ತಲೆಯೆತ್ತಲು ಬಿಡದಷ್ಟು ಹೆಚ್ಚಿತು, ರಸ್ತೆಯಲ್ಲಿ ಕಾರುಗಳಿಗೆ ಅಡ್ಡ ಬೀಳತೊಡಗಿತು. 1959ರಿಂದ ರಾಜ್ಯಪ್ರಾಣಿಯೂ ಅದೇ, ಬೇಟೆಯ ಪ್ರಾಣಿಯೂ ಅದೇ. ನವೆಂಬರಿನ ನಾಲ್ಕನೆಯ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅದಾದ ಸೋಮವಾರ ರೈಫಲ್ ಬೇಟೆ ಶುರುವಾಗುವುದು ಬಹುಕಾಲದ ಪದ್ಧತಿ. 2019ರಿಂದ ಅದನ್ನು ಹಬ್ಬದ ನಂತರದ ಶನಿವಾರಕ್ಕೆ ತಂದಿದ್ದಾರೆ. ಆದರೂ ಆ ಸೋಮವಾರ ಎಷ್ಟೋ ಶಾಲೆಗಳಿಗೆ ಈಗಲೂ ರಜೆ. ನಮ್ಮಲ್ಲಿ ದಸರಾ ರಜೆ ಇದ್ದ ಹಾಗೆ ಅವರಿಗೆ ಜಿಂಕೆ ರಜೆ!

ಪಕ್ಕದ ಮನೆಯ ಟೀಚರಮ್ಮನ ಪರಿಚಯವಾದದ್ದು ಈ ರಜೆಯ ಮಾತಿನಿಂದಲೇ. ಆಕೆ ನಾಲ್ಕನೆಯ ತರಗತಿಗೆ ಪಾಠ ಹೇಳಿ ನಿವೃತ್ತರಾದವರು. ನಾನೂ ಶಿಕ್ಷಕಿ ಎಂದು ತಿಳಿದದ್ದೇ ತಡ, ಕಾಫಿಗೆ ಕರೆದರು. ಅವರ ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಒಂದು ದೊಡ್ಡ ಚಿತ್ರಪಟ ನನ್ನ ಕಣ್ಣಿಗೆ ಬಿತ್ತು. ನಿಜಗಾತ್ರದ ಜಿಂಕೆಯ ಚಿತ್ರ. ಪಕ್ಕೆಯ ಚರ್ಮವನ್ನು ಬಾಗಿಲಿನಂತೆ ತೆರೆದು, ಒಳಗಿನ ಹೃದಯ, ಶ್ವಾಸಕೋಶ, ಪಿತ್ತಜನಕಾಂಗ, ಹೊಟ್ಟೆ ಎಲ್ಲವನ್ನೂ ಬಣ್ಣಬಣ್ಣವಾಗಿ ತೋರಿಸಿದ್ದರು. ವಿಜ್ಞಾನದ ಪಾಠಕ್ಕಿರಬೇಕು ಎಂದು ನಾನಂದುಕೊಂಡರೆ, "ಇದು ಬೇಟೆಯ ಪಾಠದ್ದು" ಎಂದರು. ಅಲ್ಲಿ ಮೊದಲ ಬಾರಿಗೆ ಬೇಟೆಯ ಪರವಾನಗಿ ಬೇಕೆಂದರೆ ಬೇಟೆಯ ಪಾಠ ಕಲಿತು ಪರೀಕ್ಷೆ ಪಾಸು ಮಾಡಬೇಕು. ಪಾಠ ಹೇಳುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಬರುವ ಸ್ವಯಂಸೇವಕರು. ಈಕೆ ಅವರಲ್ಲೊಬ್ಬರು. ಹೆಂಗಸರು ಕೋವಿ ಹಿಡಿಯುವುದು ನಮಗೂ ಹೊಸದಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಹೆಂಗಸರೂ ಗುರಿ ಇಡುತ್ತಾರೆ. ಆದರೆ ಗುಂಡು ಎಲ್ಲಿ ಬೀಳಬೇಕೆಂದು ಚಿತ್ರಪಟ ಹಿಡಿದು ಮಕ್ಕಳಿಗೆ ಪಾಠ ಹೇಳುವ ಮೇಡಮ್ಮನ್ನು ನಾನು ಕಂಡದ್ದು ಅಲ್ಲಿಯೇ.

ನಿಮ್ಮಲ್ಲಿ ಮಾಂಸ ಮುಟ್ಟದವರು, ಬೇಟೆಯೆಂದರೆ ಮುಖ ತಿರುಗಿಸುವವರು ಇಲ್ಲಿಗೇ ಪುಟ ಮಗುಚಬಹುದು. ಇನ್ನೊಂದು ನಿಮಿಷ ತಾಳಿ ಎಂದು ಕೇಳಿಕೊಳ್ಳುತ್ತೇನೆ. ನಾನು ಹೇಳಹೊರಟಿರುವುದು ಕೊಲ್ಲುವ ವಿಷಯವೇ ಹೌದು. ಆದರೆ ಆ ಟೀಚರಮ್ಮನ ಪಾಠದಲ್ಲಿ ಹೊಡೆಯುವ ಮಾತಿಗಿಂತ ಹೊಡೆಯದಿರುವ ಮಾತೇ ಹೆಚ್ಚಾಗಿತ್ತು.

ಅವರು ನನ್ನ ಮುಂದೆ ಒಂದು ಕಾಗದದ ತಿಂಡಿ ತಟ್ಟೆ ಇಟ್ಟರು. ಎಂಟು ಅಂಗುಲದ ತಟ್ಟೆ. "ಇಡೀ ಜಿಂಕೆಯಲ್ಲಿ ನಿಮಗೆ ಸೇರಿದ್ದು ಇಷ್ಟೇ ಜಾಗ. ಉಳಿದದ್ದೆಲ್ಲ ಜಿಂಕೆಯದು" ಎಂದರು. ಆ ತಟ್ಟೆಯನ್ನು ಚಿತ್ರಪಟದ ಮೇಲೆ ಹಿಡಿದು ತೋರಿಸಿದರು. ಜಿಂಕೆ ಅಡ್ಡಲಾಗಿ, ಪೂರ್ತಿ ಪಕ್ಕೆ ಕಾಣುವಂತೆ ನಿಂತಿರಬೇಕು. ಮುಂಗಾಲಿನ ಹಿಂಬದಿಯ ಗೆರೆಯನ್ನೇ ಕಣ್ಣಿನಿಂದ ಮೇಲಕ್ಕೆ ಎಳೆಯಬೇಕು. ಎದೆಯ ಕೆಳಅಂಚಿನಿಂದ ಬೆನ್ನಿನವರೆಗಿನ ಎತ್ತರವನ್ನು ಮೂರು ಪಾಲು ಮಾಡಿದರೆ ಕೆಳಗಿನ ಪಾಲು ಮುಗಿಯುವಲ್ಲಿ ಗುರಿ. ಅಲ್ಲಿ ಎರಡು ಶ್ವಾಸಕೋಶಗಳೂ ಇವೆ, ಕೆಳಗೆ ಹೃದಯವಿದೆ, ಹೃದಯದ ನೆತ್ತಿಯಿಂದ ಹೊರಡುವ ದೊಡ್ಡ ರಕ್ತನಾಳಗಳಿವೆ. ಗುಂಡು ಅಲ್ಲಿ ಹಾದರೆ ರಕ್ತದ ಒತ್ತಡ ಒಮ್ಮೆಗೇ ಕುಸಿಯುತ್ತದೆ, ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ. ಕೈ ಸ್ವಲ್ಪ ಅತ್ತಿತ್ತ ಆದರೂ ಶ್ವಾಸಕೋಶ ದೊಡ್ಡದು, ತಪ್ಪಿಹೋಗುವ ಭಯ ಕಡಿಮೆ.

"ತಲೆಗೇ ಹೊಡೆದರೆ ಇನ್ನೂ ಬೇಗ ಸಾಯುವುದಿಲ್ಲವೇ?" ಎಂದು ಕೇಳಿದೆ. ಪ್ರತಿ ತರಗತಿಯಲ್ಲೂ ಯಾವನಾದರೂ ಹುಡುಗ ಇದನ್ನು ಕೇಳುತ್ತಾನೆ ಎಂದು ನಕ್ಕರು. ಜಿಂಕೆಯ ಮಿದುಳು ಒಂದು ಮುಷ್ಟಿಗಿಂತ ಚಿಕ್ಕದು. ಮೈಯೆಲ್ಲ ಅಲುಗದೆ ನಿಂತಾಗಲೂ ತಲೆ ಮಾತ್ರ ಆಡುತ್ತಲೇ ಇರುತ್ತದೆ. ಎರಡಂಗುಲ ಕೆಳಗೆ ಬಿತ್ತೆಂದರೆ ದವಡೆ ಮುರಿಯುತ್ತದೆ. ಜಿಂಕೆ ಓಡಿಹೋಗುತ್ತದೆ. ಮೇಯಲಾರದೆ, ನೀರು ಕುಡಿಯಲಾರದೆ, ದಿನಗಟ್ಟಲೆ ಬದುಕಿದ್ದು ಸಾಯುತ್ತದೆ. ಅದನ್ನು ಹೇಳುವಾಗ ಆಕೆಯ ದನಿ ತಗ್ಗಿತು. ನಾಲ್ಕನೆಯ ತರಗತಿಯ ಮಕ್ಕಳ ಮುಂದೆ ಮಾತ್ರ ಹಾಗೆ ದನಿ ತಗ್ಗಿಸುವುದು ಶಿಕ್ಷಕಿಯರಿಗೆ ಬರುತ್ತದೆ.

ಹೊಡೆಯಬಾರದ ಪಟ್ಟಿ ಹೀಗೇ ಬೆಳೆಯಿತು. ಎದುರಿಗೆ ಮುಖಮಾಡಿ ನಿಂತ ಜಿಂಕೆಗೆ ಬೇಡ, ಗುರಿಯ ಜಾಗ ಕಿರಿದು. ಬೆನ್ನು ಹಾಕಿ ಹೋಗುವುದಕ್ಕಂತೂ ಬೇಡವೇ ಬೇಡ, ಗುಂಡು ಹೊಟ್ಟೆ ಕರುಳನ್ನೆಲ್ಲ ಹಾದುಹೋಗಬೇಕಾಗುತ್ತದೆ. ಓಡುವುದಕ್ಕೆ ಬೇಡ. ಸ್ವಲ್ಪ ಓರೆಯಾಗಿ ಆಚೆಗೆ ತಿರುಗಿ ನಿಂತದ್ದಕ್ಕೆ ಹೊಡೆಯಬಹುದು. ಆದರೆ ಆಗ ಈಚೆ ಬದಿಯ ಪಕ್ಕೆಯನ್ನು ನೋಡದೆ, ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲಿ ಕಂಡು, ಗುಂಡು ಅಲ್ಲಿಗೆ ಹೊರಡುವಂತೆ ಗುರಿ ಇಡಬೇಕು. ದಿಬ್ಬದ ತುದಿಯಲ್ಲಿ, ಆಕಾಶಕ್ಕೆ ಎದುರಾಗಿ ನಿಂತದ್ದು ಎಷ್ಟೇ ಚೆನ್ನಾಗಿ ಕಂಡರೂ ಹೊಡೆಯುವಂತಿಲ್ಲ. ರೈಫಲ್ಲಿನ ಗುಂಡು ಮೈಲಿಗಟ್ಟಲೆ ಹೋಗಬಲ್ಲದು. ಜಿಂಕೆಯ ಹಿಂದೆ ಮಣ್ಣಿನ ದಿಬ್ಬವೊಂದು ಇರಬೇಕು, ತಪ್ಪಿದ ಗುಂಡು ಅಲ್ಲೇ ಹುದುಗಬೇಕು. ಎಲ್ಲಕ್ಕಿಂತ ಮೊದಲು, ಕಂಡದ್ದು ಜಿಂಕೆಯೇ ಎಂದು ಸಂಶಯವಿಲ್ಲದೆ ಗೊತ್ತಾಗಬೇಕು. ಅದಕ್ಕಾಗಿಯೇ ಬೇಟೆಗಾರರು ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲದಷ್ಟು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ತೊಡಬೇಕೆಂಬ ಕಾನೂನು. ಜಿಂಕೆಯ ಕಣ್ಣಿಗೆ ಆ ಬಣ್ಣ ಎದ್ದು ಕಾಣುವುದಿಲ್ಲ, ಮನುಷ್ಯನ ಕಣ್ಣಿಗೆ ಫರ್ಲಾಂಗು ದೂರದಿಂದಲೇ ಕಾಣುತ್ತದೆ.

ನನಗೆ ತಡೆಯಲಿಲ್ಲ. ದಶರಥನ ಕಥೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಕತ್ತಲೆ, ಸರಯೂ ನದಿ, ಕೊಡಕ್ಕೆ ನೀರು ತುಂಬುವ ಸದ್ದು, ಶಬ್ದವೇಧಿ ವಿದ್ಯೆ. ಆಕೆ ಕಾಫಿ ಬಟ್ಟಲನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ಒಳ್ಳೆಯ ಬಿಲ್ಲುಗಾರ ಇರಬೇಕು. ಆದರೆ ನನ್ನ ತರಗತಿಯಲ್ಲಿ ನಿಮ್ಮ ರಾಜ ಮೊದಲ ದಿನವೇ ಫೇಲು" ಎಂದರು. ಆಮೇಲೆ, "ಗೊತ್ತಿಲ್ಲದೆ ಹೊಡೆದೆ ಅನ್ನುವುದು ಕ್ಷಮೆಗೆ ಕಾರಣ ಅಲ್ಲ. ಅದೇ ತಪ್ಪಿನ ಹೆಸರು" ಎಂದರು. ನಮ್ಮ ತರಗತಿಯಲ್ಲಿ ವರ್ಷವರ್ಷವೂ ನಿಂತೇ ಇದ್ದ ಪ್ರಶ್ನೆ ಅಂದು ಕೂತುಕೊಂಡಿತು.

ಮನೆಗೆ ಬಂದ ಮೇಲೆ ನನಗೆ ನೆನಪಾದವಳು ನನ್ನ ಅಜ್ಜಿ.

ನಮ್ಮದು ಮಲೆನಾಡಿನ ಒಕ್ಕಲುಮನೆ. ಅಜ್ಜ ಬೇಟೆಗಾರ. ನಾನು ಹುಟ್ಟುವ ಹೊತ್ತಿಗೆ ಅವನ ಕೋವಿ ಗೋಡೆಗೆ ಸೇರಿತ್ತು. ಹಾಗಾಗಿ ನನಗೆ ಬೇಟೆ ಗೊತ್ತಿರುವುದು ಅಜ್ಜಿಯ ಬಾಯಿಂದ. ಗಂಡಸರು ಹೇಳುವ ಬೇಟೆಯ ಕಥೆಯಲ್ಲಿ ನಾಯಿ, ಹಳು, ಸೋವು, ಈಡು ಎಲ್ಲ ಬರುತ್ತದೆ, ಈಡಿನೊಂದಿಗೆ ಕಥೆ ಮುಗಿಯುತ್ತದೆ. ಅಜ್ಜಿಯ ಕಥೆ ಶುರುವಾಗುತ್ತಿದ್ದುದೇ ಅಲ್ಲಿಂದ. ಮಾಂಸದ ಪಾಲು ಹಿತ್ತಲ ಬಾಗಿಲಿಗೆ ಬರುತ್ತಿತ್ತು. ತೊಳೆದು, ಹೆಚ್ಚಿ, ಬೇಯಿಸುವವರು ಹೆಂಗಸರು. "ಜಗಲಿಯಲ್ಲಿ ಕೂತು ಏನೇ ಬಡಾಯಿ ಕೊಚ್ಚಲಿ, ಕೋವಿ ಹಿಡಿದವನ ಕೈ ಎಂಥದ್ದೂಂತ ನಮಗೆ ಗೊತ್ತಾಗ್ತಿತ್ತು" ಎನ್ನುತ್ತಿದ್ದಳು. ಪಕ್ಕೆಗೆ ಬಿದ್ದ ಗುಂಡಾದರೆ ಮಾಂಸ ಶುದ್ಧ, ರಕ್ತವೆಲ್ಲ ಎದೆಗೂಡಿನಲ್ಲೇ ನಿಂತಿರುತ್ತದೆ. ಭುಜದ ಮೂಳೆಗೆ ಬಿದ್ದರೆ ಇಡೀ ಮುಂದೊಡೆ ಕಪ್ಪಾಗಿ ಕಂದಿ, ಮೂಳೆಯ ಚೂರು ಕೈಗೆ ಚುಚ್ಚುತ್ತದೆ. ಹೊಟ್ಟೆಗೆ ಬಿದ್ದರೆ ಕೇಳುವುದೇ ಬೇಡ. ಏಳು ನೀರಿನಲ್ಲಿ ತೊಳೆದರೂ, ಅರಿಸಿನ ಹುಣಸೆ ಹಚ್ಚಿ ಇಟ್ಟರೂ ಆ ವಾಸನೆ ಹೋಗದು. ತೊಡೆಯಲ್ಲಿ ಚರೆ ಸಿಕ್ಕರೆ ಹೊಡೆದವನು ಹೆದರಿ ಹೊಡೆದ ಎಂದು ಅರ್ಥ, ಮೃಗ ಆಗಲೇ ಓಡುತ್ತಿತ್ತು. ಓಡಿ, ಬೆದರಿ, ಸುಸ್ತಾಗಿ ಸತ್ತದ್ದರ ಮಾಂಸ ಬೇಯಿಸಿದಷ್ಟೂ ಬಿರುಸು. ಅಂದರೆ ನೋಡಿ, ಆ ಚಿತ್ರಪಟವನ್ನು ಅಮೆರಿಕದ ಟೀಚರಮ್ಮ ಹೊರಗಿನಿಂದ ಒಳಕ್ಕೆ ಓದುತ್ತಿದ್ದರೆ, ನಮ್ಮಜ್ಜಿ ಅದನ್ನೇ ಒಳಗಿನಿಂದ ಹೊರಕ್ಕೆ ಓದುತ್ತಿದ್ದಳು.

ಅಜ್ಜಿ ಮತ್ತೆಮತ್ತೆ ಹೇಳುತ್ತಿದ್ದ ಒಂದು ಸಂಗತಿ ಇದೆ. ಒಂದು ಸಲ ಬಿಲ್ಲಿಗೆ ಕೂತಿದ್ದ ಅಜ್ಜ ಕೇಪಿನ ಕೋವಿಯಲ್ಲಿ ಕಡವೆಗೆ ಈಡು ಹೊಡೆದನಂತೆ. ಕೋವಿಯಲ್ಲಿದ್ದದ್ದು ಒಂಟಿ ಗುಂಡಲ್ಲ, ಕಾಡುಕೋಳಿಗೆಂದು ತುಂಬಿದ್ದ ಚರೆ. ಕಡವೆಯಂಥ ದೊಡ್ಡ ಮೃಗಕ್ಕೆ ಚರೆ ಎಂದರೆ ಸಾಯಿಸಲಾರದ, ಬದುಕಗೊಡದ ಪೆಟ್ಟು. ಹಿಂಗಾಲಿಗೂ ಹೊಟ್ಟೆಗೂ ತಗುಲಿಸಿಕೊಂಡು ಅದು ಹೋಯಿತು. ಕತ್ತಲಾಯಿತೆಂದು ಗಂಡಸರು ಮನೆಗೆ ಬಂದು ಉಂಡು ಮಲಗಿದರು. ಬೆಳಗ್ಗೆ ಕೊಟ್ಟಿಗೆಯ ಕೆಲಸಕ್ಕೆ ಎದ್ದ ಅಜ್ಜಿ, ಗದ್ದೆಯ ಅಂಚಿನಲ್ಲಿ ಆ ಕಡವೆ ಒಂದು ಕಾಲು ಎಳೆದುಕೊಂಡು ನೀರಿನ ಕಡೆಗೆ ಹೋಗುವುದನ್ನು ಕಂಡಳು. ಅಂದು ಅವಳು ಒಲೆ ಹಚ್ಚಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಅಜ್ಜ ಬಂದು ಕೇಳಿದ್ದಕ್ಕೆ, "ನೀವು ಶುರುಮಾಡಿದ ಕೆಲಸ ನೀವೇ ಮುಗಿಸಿ ಬನ್ನಿ, ಆಮೇಲೆ ಗಂಜಿ" ಎಂದಳಂತೆ. ಆ ಕಾಲದಲ್ಲಿ, ಆ ಮನೆಯಲ್ಲಿ, ಗಂಡನೆದುರು ಅಷ್ಟು ಮಾತು ಆಡುವುದೇ ದೊಡ್ಡದು. ಅಜ್ಜ ನಾಯಿಗಳೊಂದಿಗೆ ಹೋದವನು ಮಾರನೆಯ ಸಂಜೆ ಬರಿಗೈಯಲ್ಲಿ ಬಂದ. ಕಡವೆ ಹಳ್ಳದಲ್ಲಿ ಸತ್ತು ಬಿದ್ದಿತ್ತು. ಗಾಯದಲ್ಲಿ ಹುಳ ಆಗಿತ್ತು. ಮಾಂಸ ಯಾರಿಗೂ ಒದಗಲಿಲ್ಲ. ಅಂದಿನಿಂದ ಅವನು ದೊಡ್ಡ ಮೃಗದ ಮೇಲೆ ಚರೆ ಹಾರಿಸಲಿಲ್ಲ ಎನ್ನುವಲ್ಲಿಗೆ ಅಜ್ಜಿಯ ಕಥೆ ಮುಗಿಯುತ್ತಿತ್ತು.

ಮಾರನೆಯ ದಿನ ಇದನ್ನು ಟೀಚರಮ್ಮನಿಗೆ ಹೇಳಿದೆ. ಆಕೆ ತುಸು ಹೊತ್ತು ಸುಮ್ಮನಿದ್ದು, "ನಿಮ್ಮ ಅಜ್ಜಿ ಹೇಳಿದ್ದು ನಮ್ಮ ಪುಸ್ತಕದ ಕೊನೆಯ ಅಧ್ಯಾಯ" ಎಂದರು. ಹೊಡೆದ ಮೇಲೆ ಬೇಟೆಗಾರನ ಕೆಲಸ ಮುಗಿಯುವುದಿಲ್ಲ. ಸರಿಯಾದ ಜಾಗಕ್ಕೆ ಬಿದ್ದರೂ ಜಿಂಕೆ ಐವತ್ತು ನೂರು ಗಜ ಓಡಬಹುದು. ಆಗ ಅದರ ಹಿಂದೆ ಓಡಬಾರದು. ಜಿಂಕೆ ನಿಂತಿದ್ದ ಜಾಗವನ್ನು ಗುರುತಿಟ್ಟುಕೊಂಡು ಅರ್ಧ ಗಂಟೆ ಕೂತಲ್ಲೇ ಕೂರಬೇಕು. ಅಟ್ಟಿಸಿಕೊಂಡು ಹೋದರೆ ಮಲಗಿ ಸಾಯಬೇಕಾದ ಪ್ರಾಣಿ ಎದ್ದು ಇನ್ನಷ್ಟು ದೂರ ನರಳುತ್ತಾ ಹೋಗುತ್ತದೆ. ಆಮೇಲೆ ಹೋಗಿ ಎಲೆಗಳ ಮೇಲಿನ ರಕ್ತವನ್ನು ನೋಡಬೇಕು. ತಿಳಿಗೆಂಪು, ನೊರೆನೊರೆಯಾಗಿದ್ದರೆ ಶ್ವಾಸಕೋಶ. ಕಪ್ಪುಗೆಂಪಾದರೆ ಪಿತ್ತಜನಕಾಂಗ, ಇನ್ನೂ ಕೆಲವು ಗಂಟೆ ಕಾಯಬೇಕು. ಹಸಿರು ಬೆರೆತು ಮೇವಿನ ಚೂರು ಕಂಡರೆ ಹೊಟ್ಟೆ, ಎಂಟು ಹತ್ತು ಗಂಟೆಯೇ ಕಾಯಬೇಕಾದೀತು. ಮಳೆ ಬರಲಿ, ಹಿಮ ಬೀಳಲಿ, ಹುಡುಕುವುದನ್ನು ಬಿಡಬಾರದು. ನಾಲ್ಕು ಕೋಣೆಯ ಹೊಟ್ಟೆಯಿರುವ ಮೆಲುಕಾಡುವ ಪ್ರಾಣಿ ಅದು, ಶ್ವಾಸಕೋಶ ಮುಗಿದ ನಾಲ್ಕೈದು ಅಂಗುಲಕ್ಕೇ ಹೊಟ್ಟೆ. ತತ್‌ಕ್ಷಣದ ಸಾವಿಗೂ ಹಗಲೆಲ್ಲ ನರಳುವುದಕ್ಕೂ ಅಂತರ ನಾಲ್ಕು ಬೆರಳು.

ಶನಿವಾರ ಬೇಟೆಯ ಮೊದಲ ದಿನ. ನಸುಕಿನಲ್ಲಿಯೇ ಕಿತ್ತಳೆ ಅಂಗಿ ತೊಟ್ಟು ಟೀಚರಮ್ಮ ಹೊರಟದ್ದನ್ನು ಕಿಟಕಿಯಿಂದ ಕಂಡೆ. ದೂರದ ಗುಡ್ಡಗಳಲ್ಲಿ ಆಗಾಗ ಈಡಿನ ಸದ್ದು. ಒಂದೊಂದು ಸದ್ದಿಗೂ ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು, ತಾನು ಹಾಗೆ ಮಾಡುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಸಂಜೆ ಆಕೆ ಖಾಲಿ ಕೈಯಲ್ಲಿ ಬಂದರು. ಕೊಂಬಿನ ದೊಡ್ಡ ಗಂಡುಜಿಂಕೆ ಅರವತ್ತು ಗಜದಲ್ಲಿ ನಿಂತಿತ್ತಂತೆ. ಆದರೆ ಎದುರುಮುಖವಾಗಿ. ಅಡ್ಡ ತಿರುಗಲೆಂದು ಕಾದರು. ತಿರುಗಿತು. ಆಗ ಅದರ ಹಿಂದೆ ಮರಗಳ ನಡುವೆ ಯಾರದೋ ಮನೆಯ ಸೂರು ಕಂಡಿತು. ಕೋವಿ ಇಳಿಸಿದರು. ಜಿಂಕೆ ಹೋಯಿತು. "ಬೇಜಾರಾಗಲಿಲ್ಲವೇ?" ಎಂದೆ. "ಆಯಿತು. ಅದು ಇವತ್ತು ರಾತ್ರಿಯವರೆಗೆ ಇರುತ್ತದೆ. ಹೊಡೆದಿದ್ದರೆ ಎಷ್ಟು ದಿನ ಇರುತ್ತಿತ್ತೋ" ಎಂದರು. ಬೇಟೆಯ ಕಥೆಗಳಲ್ಲಿ ಹೊಡೆಯದ ಗುಂಡಿನ ಕಥೆಯನ್ನು ನಾನು ಕೇಳಿದ್ದು ಅದೊಂದೇ.

ಮುಂದಿನ ವಾರ ಒಂದು ಮಧ್ಯಾಹ್ನ ಆಕೆ ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹಿಡಿದುಕೊಂಡು ಬಾಗಿಲಿಗೆ ಬಂದರು. ಜಿಂಕೆ ಸಿಕ್ಕಿತ್ತು. ನನ್ನ ಕೈಗೆ ಕೊಡುವ ಮೊದಲೇ, "ನಿಮ್ಮ ಮಗಳ ವಿಷಯ ಯೋಚಿಸಿಯೇ ತಂದಿದ್ದೇನೆ, ಇದು ತಾಮ್ರದ ಗುಂಡು" ಎಂದರು. ಗುಂಡಿನ ಲೋಹಕ್ಕೂ ಬಸುರಿಗೂ ಏನು ಸಂಬಂಧ ಎಂದು ನನಗೆ ಆಶ್ಚರ್ಯವಾಯಿತು. ಆಕೆ ವಿವರಿಸಿದರು. ರೈಫಲ್ಲಿನ ಸೀಸದ ಗುಂಡು ಬಹಳ ವೇಗದಲ್ಲಿ ಹೋಗಿ ಮೈಗೆ ತಾಗಿದಾಗ ಚೂರುಚೂರಾಗುತ್ತದೆ, ಮೂಳೆಗೆ ತಾಗಿದರಂತೂ ಇನ್ನೂ ಹೆಚ್ಚು. ಕಣ್ಣಿಗೆ ಕಾಣದ, ಹಲ್ಲಿಗೂ ಸಿಗದ ಪುಡಿ ಗಾಯದಿಂದ ಗೇಣುದ್ದ ದೂರದ ಮಾಂಸಕ್ಕೂ ಸೇರಬಹುದು. 2008ರಲ್ಲಿ ಉತ್ತರ ಡಕೋಟ ರಾಜ್ಯದಲ್ಲಿ, ಬಡವರಿಗೆ ಹಂಚಲೆಂದು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆಮಾಂಸವನ್ನು ಸ್ಕ್ಯಾನ್ ಮಾಡಿ ನೋಡಿದಾಗ ಅದರಲ್ಲಿ ಸೀಸದ ಚೂರುಗಳು ಸಿಕ್ಕವು. ದಾಸ್ತಾನನ್ನು ಎಸೆಯಲು ಹೇಳಬೇಕಾಯಿತು. ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು ಗರ್ಭಿಣಿಯರೂ ಆರು ವರ್ಷದೊಳಗಿನ ಮಕ್ಕಳೂ ತಿನ್ನಬಾರದೆಂದು ಅಲ್ಲಿನ ಆರೋಗ್ಯ ಇಲಾಖೆ ತಿಳಿಸಿತು. ಸೀಸ ಮಕ್ಕಳ ಮಿದುಳಿಗೆ ವಿಷ. ತಾಮ್ರದ ಗುಂಡು ಹೂವಿನಂತೆ ಅರಳಿದರೂ ಹಾಗೆ ಪುಡಿಯಾಗುವುದಿಲ್ಲ.

ಕೇಳುತ್ತಾ ನನ್ನ ಮನಸ್ಸು ನಮ್ಮ ಹಳೆಯ ಅಡುಗೆಮನೆಗೆ ಹೋಯಿತು. ಉಣ್ಣುವಾಗ ಹಲ್ಲಿಗೆ ಸಿಕ್ಕ ಚರೆಯನ್ನು ಬಾಯಿಂದ ತೆಗೆದು ಎಲೆಯ ಅಂಚಿಗಿಡುವುದು ಆಗ ನಗುವಿನ ವಿಷಯವಾಗಿತ್ತಂತೆ. ಯಾರ ಎಲೆಯಲ್ಲಿ ಎಷ್ಟು ಚರೆ ಎಂದು ಮಕ್ಕಳು ಎಣಿಸುತ್ತಿದ್ದರಂತೆ. ಬಸುರಿಯರಿಗೆ ಬೇಟೆಯ ಮಾಂಸ ಬಲು ಒಳ್ಳೆಯದೆಂದು ಒತ್ತಾಯಮಾಡಿ ಬಡಿಸುತ್ತಿದ್ದ ಕಾಲ. ಎಲ್ಲವನ್ನೂ ಮಾಂಸದಿಂದಲೇ ಓದಬಲ್ಲವಳಾಗಿದ್ದ ಅಜ್ಜಿಗೂ ಆ ಪುಡಿಯನ್ನು ಓದುವುದು ಸಾಧ್ಯವಿರಲಿಲ್ಲ. ಗುಂಡು ಬಿದ್ದ ಜಾಗ ಜಿಂಕೆಯ ಮೈಯಲ್ಲಿಯೇ ಮುಗಿಯುವುದಿಲ್ಲ, ಊಟದ ಎಲೆಯವರೆಗೂ ಬರುತ್ತದೆ, ಹೊಟ್ಟೆಯಲ್ಲಿರುವ ಕೂಸಿನವರೆಗೂ ಹೋಗುತ್ತದೆ.

ಪೊಟ್ಟಣ ಬಿಚ್ಚಿದೆ. ಒಂದು ಮುಂದೊಡೆ ಮತ್ತು ಅದಕ್ಕೆ ಅಂಟಿದ ಒಂದಿಷ್ಟು ಪಕ್ಕೆಯ ಭಾಗ. ಮಾಂಸ ತಿಳಿಯಾಗಿತ್ತು, ಕಂದಿರಲಿಲ್ಲ, ಮೂಳೆ ಒಡೆದಿರಲಿಲ್ಲ. ಎರಡು ಪಕ್ಕೆಲುಬಿನ ನಡುವೆ ಹೆಬ್ಬೆರಳು ಹೋಗುವಷ್ಟು ಒಂದು ತೂತು, ಸುತ್ತ ಕಾಸಿನಗಲ ಕೆಂಪು. ನನಗೇ ಗೊತ್ತಿಲ್ಲದಂತೆ ಮೂಗಿನ ಹತ್ತಿರ ಹಿಡಿದು ನೋಡಿದೆ. ವಾಸನೆಯಿಲ್ಲ. "ಅಡ್ಡಲಾಗಿ ನಿಂತಿತ್ತು. ನೀವಿದ್ದದ್ದು ಅದಕ್ಕೆ ಗೊತ್ತಿರಲಿಲ್ಲ. ಓಡಿದ್ದರೂ ಸ್ವಲ್ಪ ದೂರ" ಎಂದೆ. ಟೀಚರಮ್ಮ ಕಣ್ಣರಳಿಸಿ ನೋಡಿದರು. ಓಡಿದ್ದು ನಲವತ್ತು ಹೆಜ್ಜೆಯಂತೆ, ಅವರು ಎಣಿಸಿದ್ದರು. "ಹೇಗೆ ಗೊತ್ತಾಯಿತು?" ಎಂದರು. "ನಮ್ಮಜ್ಜಿಯ ತರಗತಿ" ಎಂದೆ.

ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿ ಹುರಿದೆ. ಮಗಳಿಗೆ ಬಡಿಸಲಿಲ್ಲ. ತಾಮ್ರದ ಗುಂಡೆಂದು ಗೊತ್ತಿದ್ದರೂ ತಾಯಿಯ ಮನಸ್ಸು ಒಪ್ಪಲಿಲ್ಲ. ಟೀಚರಮ್ಮ ಅದನ್ನು ಅರ್ಥಮಾಡಿಕೊಂಡರು. ನಾನೂ ಅಳಿಯನೂ ತಿಂದೆವು. ಚೆನ್ನಾಗಿತ್ತು ಎನ್ನಲು ಒಂದು ಬಗೆಯ ಸಂಕೋಚ. ಆದರೆ ಪ್ರತಿದಿನ ಅಂಗಡಿಯಿಂದ ತಂದು ತಿನ್ನುವ ಕೋಳಿಯ ಬಗ್ಗೆ ನಾವು ಯಾರೂ ಯಾವತ್ತೂ ಇಷ್ಟು ಮಾತಾಡಿಲ್ಲ, ಅದು ಎಲ್ಲಿ ನಿಂತಿತ್ತು, ಎಷ್ಟು ಹೊತ್ತು ನರಳಿತು ಎಂದು ಕೇಳಿಲ್ಲ ಎಂಬುದು ಆ ಊಟದಲ್ಲಿ ನನ್ನನ್ನು ಕಾಡಿತು.

ನಮ್ಮಲ್ಲಿ ಬೇಟೆಯ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ ಆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಬೇಟೆಯಾಡುವ ದಾರಿಯೂ ಮುಚ್ಚಿತು. ನಮ್ಮ ಕಾಡಿನಲ್ಲಿ ಹುಲಿಯಿದೆ, ಚಿರತೆಯಿದೆ, ಕಾಡುನಾಯಿಯಿದೆ. ಜಿಂಕೆಯ ಲೆಕ್ಕ ನೋಡಿಕೊಳ್ಳಲು ಅವು ಸಾಕು, ಟೀಚರಮ್ಮನ ರೈಫಲ್ಲು ಇಲ್ಲಿಗೆ ಬೇಡ. ಅಲ್ಲಿಯ ಕಾನೂನು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ.

ಆದರೆ ಮುಗಿಯದೆ ಉಳಿದದ್ದು ಒಂದಿದೆ. ಅದು ಉರುಲು. ಬೈಕಿನ ಬ್ರೇಕಿನ ತಂತಿಯನ್ನು ಕುಣಿಕೆಮಾಡಿ ಬೇಲಿಯ ಕಂಡಿಗೆ, ತೋಟದ ಅಂಚಿಗೆ ಕಟ್ಟಿಬಿಡುತ್ತಾರೆ. ಈಡಿನ ಸದ್ದಿಲ್ಲ, ಖರ್ಚಿಲ್ಲ, ಕಾಯುವ ಕೆಲಸವೂ ಇಲ್ಲ. ಕಟ್ಟಿದವನು ಮನೆಯಲ್ಲಿ ಹಾಯಾಗಿ ನಿದ್ದೆಮಾಡುತ್ತಾನೆ. ಹಂದಿಗೆಂದು ಕಟ್ಟಿದ್ದಕ್ಕೆ ಕಾಡುಕುರಿ ಬೀಳುತ್ತದೆ, ಜಿಂಕೆ ಬೀಳುತ್ತದೆ, ಚಿರತೆ ಬೀಳುತ್ತದೆ. ಕುತ್ತಿಗೆಗೆ ಬಿದ್ದರೆ ಒಂದು ಬಗೆ, ಸೊಂಟಕ್ಕೆ ಬಿದ್ದರೆ ಇನ್ನೊಂದು, ಕಾಲಿಗೆ ಬಿದ್ದರೆ ಎರಡು ಹಗಲು ಎರಡು ರಾತ್ರಿ. ಗುಂಡಿಗಾದರೂ ಹಿಂದೆ ಒಂದು ಕಣ್ಣಿರುತ್ತದೆ. ಆ ಕಣ್ಣು ಕಾಯಬಹುದು, ಕೋವಿ ಇಳಿಸಬಹುದು. ಉರುಲಿಗೆ ಕಣ್ಣಿಲ್ಲ. ದಶರಥನಿಗೆ ಕೇಳಿಸಿದಷ್ಟೂ ಅದಕ್ಕೆ ಕೇಳಿಸುವುದಿಲ್ಲ.

ಹಿಂದಿರುಗಿ ಬಂದ ಮೇಲೆ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ತೋಟದ ಕಡೆಯಿಂದ ಬರುವ ಒಬ್ಬ ಹುಡುಗ, ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವವನು, ಪಾಠ ಮುಗಿದ ಮೇಲೂ ಹೋಗದೆ ನಿಂತಿದ್ದ. "ಮಿಸ್, ಉರುಲು ಕಟ್ಟಿದ್ದು ಗೊತ್ತಿದ್ರೆ ಯಾರಿಗೆ ಹೇಳ್ಬೇಕು?" ಎಂದು ಕೇಳಿದ. ಯಾರು ಕಟ್ಟಿದ್ದೆಂದು ನಾನು ಕೇಳಲಿಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸುವ ಬಗೆಯನ್ನು ಹೇಳಿಕೊಟ್ಟು, "ಒಬ್ಬನೇ ಹೋಗಬೇಡ ಮರಿ" ಎಂದೆ. ತಲೆಯಾಡಿಸಿ ಚೀಲ ಹೆಗಲಿಗೇರಿಸಿಕೊಂಡು ಹೋದ.